ಬೀಗ ಹಾಕಿದ ಉಪ್ಪು

ಗಂಜಿಯಮ್ಮ ಗಂಜಿ ಹಾಕಿದ ಅಂಗಿಗೆ ಒಳಗೊಬ್ಬ ಮನುಷ್ಯ ಬೇಕೆಂದೇ ಇರಲಿಲ್ಲ. ಅದು ತಾನೇ ಎದ್ದು ಆಫೀಸಿಗೆ ಹೋಗಿ, ದಿನವೆಲ್ಲ ಕುರ್ಚಿಯಲ್ಲಿ ಕೂತು, ಸಂಜೆ ಒಂದು ಸುಕ್ಕೂ ಇಲ್ಲದೆ ಮನೆಗೆ ಬರುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಅವಳ ಬಾಯಿಯೂ ಆ ಅಂಗಿಯ ಕಾಲರಿನಷ್ಟೇ ಬಿರುಸು. ಆವತ್ತು ಮಧ್ಯಾಹ್ನ ಆ ಬಾಯಿಗೆ ಒಂದು ತುತ್ತು ಅನ್ನ ಬೇಳೆ ಹೋಯಿತು, ಹೋದಷ್ಟೇ ಬೇಗ ಹೊರಗೂ ಬಂತು.

"ಇದೇನು ಬೇಳೆನೋ, ಸಮುದ್ರನೋ?"

"ಮೀನೇನಾದ್ರೂ ಸಿಕ್ಕಿದ್ರೆ ನನ್ನ ತಟ್ಟೆಗೆ ಹಾಕು," ಎಂದ ಅವಳ ಗಂಡ.

"ನಿಮಗೆ ತಮಾಷೆ. ಮೊನ್ನೆ ತಾನೇ ಡಾಕ್ಟ್ರು ಏನಂದ್ರು? ಬಿ.ಪಿ. ಮಾಳಿಗೆ ಹತ್ತಿ ಕೂತಿದೆ, ಉಪ್ಪು ಮುಟ್ಟಬೇಡಿ ಅಂದ್ರೋ ಇಲ್ವೋ? ಕಾಲು ನೋಡ್ಕೊಳ್ಳಿ, ದಿಂಬಿನ ಹಾಗಿದೆ! ಇವಳು ನಿಮ್ಮನ್ನ ಕಳಿಸೇ ತೀರ್ತೀನಿ ಅಂತ ನಿಂತಿದ್ದಾಳೆ."

ಒಲೆಯ ಹತ್ತಿರ ಸೌಟು ಹಿಡಿದು ನಿಂತಿದ್ದ ಸೊಸೆ ಮೆಲ್ಲಗೆ ಅಂದಳು, "ನನ್ನ ನಾಲಿಗೆಗೆ ಸಪ್ಪೆ ಅನ್ನಿಸ್ತು ಅತ್ತೆ."

"ನಿನ್ನ ನಾಲಿಗೆ ಚರ್ಮದ್ದೋ, ರಬ್ಬರಿಂದೋ?"

ಇಸ್ತ್ರಿ ಅಂಗಡಿಯ ಮನೆ ಅದು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜುಗಳು, ನಡುವೆ ಅಡುಗೆಮನೆ, ಹಿತ್ತಲಲ್ಲಿ ಗಂಜಿ ಕುದಿಯುವ ಹಂಡೆ, ಅದರ ಮೇಲೆ ಹಗ್ಗಗಳು, ಹಗ್ಗದ ತುಂಬ ಊರವರ ಮಾನ. ಮಾವ ಅರ್ಧ ಆಯಸ್ಸು ಇಸ್ತ್ರಿ ತಿಕ್ಕಿ ಈಗ ಬಟ್ಟೆ ಮಡಚಲು ಕೂತಿದ್ದ. ಮಗ ಗಂಟು ಹೊತ್ತು ಮನೆಮನೆಗೆ ತಲುಪಿಸುತ್ತಿದ್ದ. ಇಸ್ತ್ರಿಯೂ ಅಡುಗೆಯೂ ಸೊಸೆಯ ಪಾಲಿಗೆ ಬಿದ್ದಿದ್ದವು. ಆ ಮನೆಗೊಂದು ಕಾನೂನಿತ್ತು: ರಾಶಿ ಮುಗಿಯುವ ತನಕ ಯಾರಿಗೂ ಜ್ವರ ಬರಕೂಡದು. ಇನ್ನೊಂದು ನಂಬಿಕೆಯೂ ಇತ್ತು: ಇಸ್ತ್ರಿಯ ಮುಂದೆ ನಿಂತವರು ಒಣಗಿ ಕಪ್ಪಾಗಲೇಬೇಕು. ಮಾವ ತನ್ನ ಕಾಲದಲ್ಲಿ ತನ್ನ ನೆರಳಿಗಿಂತ ತಾನೇ ಕಪ್ಪಗಿದ್ದೆನೆಂದೂ, ನೆರಳೇ ತನ್ನನ್ನು ನೋಡಿ ಹೆದರುತ್ತಿತ್ತೆಂದೂ ಕೊಚ್ಚಿಕೊಳ್ಳುತ್ತಿದ್ದ. ಸೊಸೆಯ ಮುಖ, ಮೊಣಕೈ, ಬೆರಳ ಗಂಟು ತಿಂಗಳಿಂದ ತಿಂಗಳಿಗೆ ಕಪ್ಪಾಗುತ್ತ ಬಂದಾಗ ಅವನು ಸಂತೋಷದಿಂದಲೇ ಹೇಳಿದ್ದ, "ಈಗ ನೋಡು, ನಮ್ಮನೆಯವಳಾದ್ಲು."

ಅವಳ ಕುಪ್ಪಸ ಸಡಿಲವಾಯಿತು. ಮೇಜಿನಿಂದ ಬಗ್ಗಿ ಎದ್ದರೆ ಗೋಡೆ ಹಿಡಿಯುತ್ತಿದ್ದಳು. ಬೆಳಗಾದರೆ ಓಕರಿಕೆ. ಗಂಜಿಯಮ್ಮನಿಗೆ ಮೊಮ್ಮಗುವಿನ ಆಸೆ ಚಿಗುರಿ, ಪರೀಕ್ಷೆ ಮಾಡಿಸಿದಳು; ಏನೂ ಇಲ್ಲವೆಂದು ಬಂತು. ಆಮೇಲೆ ಅವಳ ಮಟ್ಟಿಗೆ ಅದು ಬರೀ ಮೈಗಳ್ಳತನ.

ಬೇಳೆಯ ಜಗಳವಾದ ಮರುದಿನ ಗಂಜಿಯಮ್ಮ ಅಡುಗೆಯನ್ನು ತಾನೇ ಹಿಡಿದಳು. ಉಪ್ಪಿನ ಜಾಡಿಯನ್ನು ಗಿರಾಕಿಗಳ ರೇಷ್ಮೆ ಸೀರೆ ಇಡುವ ಬೀರುವಿಗೆ ಸೇರಿಸಿ ಬೀಗ ಜಡಿದಳು. ಉಪ್ಪಿನಕಾಯಿ ಭರಣಿಯೂ ಹಿಂದೆಯೇ ಹೋಯಿತು.

"ಅತ್ತೆ, ನನ್ನ ತಟ್ಟೆಗೆ ಮಾತ್ರ ಒಂದು ಚಿಟಿಕೆ."

"ಇವತ್ತು ತಟ್ಟೆಗೆ, ನಾಳೆ ಪಾತ್ರೆಗೆ. ಮನೆಗೊಂದೇ ಒಲೆ, ಒಲೆಗೊಂದೇ ಪಾತ್ರೆ. ಮಾವನಿಗಿಲ್ಲದ ಉಪ್ಪು ನಿನಗ್ಯಾಕೆ?"

ಮಗ ತಟ್ಟೆ ನೋಡಿಕೊಂಡೇ ಅಂದ, "ಅಮ್ಮಾ, ಒಂದು ಚಿಟಿಕೆ ಅಲ್ವಾ, ಕೊಟ್ಟುಬಿಡು."

"ಕೊಡ್ತೀನಪ್ಪಾ. ನಿಮ್ಮಪ್ಪನ್ನೂ ಜೊತೆಗೆ ಕೊಡ್ತೀನಿ, ಹೊತ್ಕೊಂಡು ಹೋಗು."

ಮಗ ಬಾಯಿ ಮುಚ್ಚಿಕೊಂಡ. ಅವನ ಬಾಯಿ ಮುಚ್ಚಲಿಕ್ಕೆ ಯಾವತ್ತೂ ಬೀಗ ಬೇಕಾಗಿರಲಿಲ್ಲ.

ಕೆಲವು ದಿನ ಸಪ್ಪೆ ಊಟ ನಡೆಯಿತು. ಮಾವನ ಕಾಲಿನ ಊತ ಇಳಿಯಿತು, ಗಂಜಿಯಮ್ಮ ಗೆದ್ದೆನೆಂದುಕೊಂಡಳು. ಸೊಸೆ ಮಾತ್ರ ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಲಿಗೆ ಹೋದ ಗಂಜಿಯಮ್ಮ, ಕೊಳೆಬಟ್ಟೆಯ ಗಂಟುಗಳ ಹಿಂದೆ ಏನೋ ಅಲುಗಿದ್ದು ಕಂಡು ಇಣುಕಿದಳು. ಬಣ್ಣದ ಬಟ್ಟೆ ಬಣ್ಣ ಬಿಡದಿರಲೆಂದು ನೀರಿಗೆ ಹಾಕುವ ಕಲ್ಲುಪ್ಪಿನ ಚೀಲ ಅಲ್ಲಿತ್ತು. ಸೊಸೆ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಅಂಗೈ ನೆಕ್ಕುತ್ತಿದ್ದಳು.

"ಥೂ! ಬಟ್ಟೆಗೆ ಹಾಕೋ ಉಪ್ಪು! ದನಾನೇನೇ ನೀನು? ಬಾರೋ ಇಲ್ಲಿ, ನಿನ್ನ ಹೆಂಡ್ತಿ ಮೇಯ್ತಿರೋದನ್ನ ನೋಡು ಬಾ!"

ಮಗ ಬಂದ, ಮಾವ ಬಂದ, ಪಕ್ಕದ ಟೈಲರ್ ಗೋಡೆಯ ಮೇಲಿನಿಂದ ತಲೆ ತೂರಿಸಿದ. ಸೊಸೆ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು. ಎದ್ದವಳು ಕಂಬ ಹಿಡಿದಳು.

"ಬಾಯಿ ಬಿಡೇ! ಏನು ಚಪಲ ಇದು?"

"ಗೊತ್ತಿಲ್ಲ ಅತ್ತೆ."

"ಕಳ್ಳಿ! ಉಪ್ಪು ಕದಿಯೋ ಕಳ್ಳಿನ ಇದೇ ಮೊದಲು ನೋಡಿದ್ದು ನಾನು."

ಕಲ್ಲುಪ್ಪಿನ ಚೀಲವೂ ಬೀರು ಸೇರಿತು.

ಶಾಲೆ ತೆರೆಯುವ ವಾರ ಬಂತು. ಊರಿನ ಮಕ್ಕಳೆಲ್ಲರ ಸಮವಸ್ತ್ರ ಒಂದೇ ಸಲ ನುಗ್ಗಿ, ಮಾವ ಬಾಗಿಲು ಹುಡುಕಲು ಬಿಳಿ ಅಂಗಿಗಳ ಗುಡ್ಡ ಹತ್ತಿ ಇಳಿಯಬೇಕಾಯಿತು. ಸೊಸೆಗೆ ಆಗಲೇ ಹೊಟ್ಟೆ ಕೆಟ್ಟಿತ್ತು. "ಸ್ವಲ್ಪ ಮಲಗ್ಲಾ ಅತ್ತೆ?" ಎಂದು ಕೇಳಿದ್ದಕ್ಕೆ, "ರಾಶಿ ಮುಗಿಸಿ ಮಲಗು, ಯಾರು ಬೇಡ ಅಂದ್ರು?" ಎಂದು ಉತ್ತರ ಬಂದಿತ್ತು.

ಗಂಜಿ ಕದಡುತ್ತಿದ್ದ ಗಂಜಿಯಮ್ಮನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಕೋಲು ಹಿಡಿದೇ ಓಡಿಬಂದಳು. ಮೇಜಿನ ಮೇಲೆ ಬಿಳಿ ಅಂಗಿಯ ಬೆನ್ನಿಗೆ ಇಸ್ತ್ರಿ ಪೆಟ್ಟಿಗೆ ಅಂಟಿಕೊಂಡು ಹೊಗೆಯಾಡುತ್ತಿತ್ತು.

"ಯಾರಪ್ಪನ ಮನೆ ಅಂಗಿ ಅಂತ ಸುಟ್ಟೇ? ಎಲ್ಲಿ ಹಾಳಾಗಿ ಹೋದೆ?"

ಪೆಟ್ಟಿಗೆ ಎತ್ತಿದಳು, ಪ್ಲಗ್ಗು ಕಿತ್ತಳು, ಅಂಗಿಯನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ನೋಡಿದಳು. ತೂತಿನ ಆಚೆ, ಮೇಜಿನ ಕೆಳಗೆ, ಎರಡು ಪಾದ ಕಂಡವು.

ಆಮೇಲೆ ಅವಳ ಕೂಗಿಗೆ ಬೀದಿಯ ಕಾಗೆಗಳೆಲ್ಲ ಹಾರಿಹೋದವು. ಸೊಸೆಯ ಮೈ ತಣ್ಣಗೆ ಜಿಗಿಜಿಗಿ ಬೆವೆತಿತ್ತು. ತುಟಿಯಂಚಲ್ಲಿ ವಾಂತಿ. ಕರೆದರೆ ಕಣ್ಣು ಅರೆ ತೆರೆದು, ಯಾರೆಂದು ತಿಳಿಯದೆ ಮುಚ್ಚಿದಳು. ಮಗ ಗಂಟಿನ ಹಾಗೆ ಹೆಗಲಿಗೆ ಹಾಕಿಕೊಂಡು ಆಟೋಗೆ ಓಡಿದ, ಗಂಜಿಯಮ್ಮ ಅವನ ಹಿಂದೆ.

ದೊಡ್ಡಾಸ್ಪತ್ರೆಯ ತುರ್ತು ಕೋಣೆಯಲ್ಲಿದ್ದವಳು ಎಳೆ ವಯಸ್ಸಿನ ಡಾಕ್ಟರಮ್ಮ. ನಾಡಿ ಹಿಡಿದಳು, ಕಣ್ಣಿಗೆ ಟಾರ್ಚು ಬಿಟ್ಟಳು, ಬಿ.ಪಿ. ಪಟ್ಟಿಯನ್ನು ಬಿಗಿದಳು, ಇನ್ನೊಮ್ಮೆ ಬಿಗಿದಳು.

"ಬಿ.ಪಿ. ಸಿಗ್ತಾನೇ ಇಲ್ಲ. ಸಕ್ಕರೆ ಅಂಶಾನೂ ತಳ ಹಿಡಿದಿದೆ. ಗ್ಲೂಕೋಸ್ ಕೊಡಿ, ಸಲೈನ್ ಹಚ್ಚಿ. ಏನ್ ಕೆಲಸ ನಿಮ್ದು?"

"ಇಸ್ತ್ರಿ, ಒಗೆಯೋದು," ಎಂದ ಮಗ.

"ಕಲೆ ತೆಗೆಯೋ ಔಷಧಿ ಇಟ್ಕೊಂಡಿರ್ತೀರಲ್ಲ? ಅದೇನಾದ್ರೂ ಕುಡಿದಿದ್ದಾರಾ? ಇಲಿ ಪಾಷಾಣ, ಮಾತ್ರೆ, ಏನಾದ್ರೂ?"

"ಇಲ್ಲ... ಗೊತ್ತಿಲ್ಲ."

"ಮನೇಲಿ ಜಗಳ ಆಗಿತ್ತಾ?"

ಮಗ ತಾಯಿಯ ಕಡೆ ತಿರುಗಿದ. ಹುಟ್ಟಿದಂದಿನಿಂದ ಅವನು ಅವಳನ್ನು ಹಾಗೆ ನೋಡಿರಲಿಲ್ಲ.

"ಅಮ್ಮಾ, ಇವತ್ತು ಏನಂದೆ ಅವಳಿಗೆ?"

ಗಂಜಿಯಮ್ಮ ಒಳಗೊಳಗೇ ಲೆಕ್ಕ ಹಾಕಿದಳು. ಉಪ್ಪಿನ ಮಾತು ಎತ್ತಿದರೆ ಆಯಿತು: ಅತ್ತೆ ಸೊಸೆಗೆ ಉಪ್ಪನ್ನೂ ಕೊಡಲಿಲ್ಲ, ಹುಡುಗಿ ವಿಷ ತಗೊಂಡಳು ಎಂದು ಪೊಲೀಸರು ಬರುತ್ತಾರೆ, ಗೋಡೆಯ ಮೇಲಿಂದ ನೋಡಿದ ಟೈಲರ್ ಸಾಕ್ಷಿ ಹೇಳುತ್ತಾನೆ. ಅವಳು ಅಂದಳು, "ಜಗಳ ಯಾವ ಮನೇಲಿಲ್ಲ?"

ಡಾಕ್ಟರಮ್ಮ ಸೊಸೆಯ ಬಾಯಿಯ ಹತ್ತಿರ ಮೂಸಿದಳು. "ಔಷಧಿ ವಾಸನೆ ಇಲ್ಲ. ತುಟಿ ಸುಟ್ಟಿಲ್ಲ, ಕಣ್ಣಿನ ಪಾಪೆ ಸರಿಯಾಗಿದೆ. ಆದ್ರೆ ಸಲೈನ್ ಹೋಗ್ತಾ ಇದ್ರೂ ಬಿ.ಪಿ. ಏಳ್ತಿಲ್ಲ." ತಲೆಯೆತ್ತಿ ಇಬ್ಬರನ್ನೂ ನೋಡಿದಳು. "ನೋಡಿ, ನೀವು ಮುಚ್ಚಿಟ್ಟಷ್ಟೂ ನಾನು ಕತ್ತಲಲ್ಲಿ ತಡಕಾಡ್ಬೇಕು. ಅಷ್ಟು ಹೊತ್ತು ಇವರಿಗಿಲ್ಲ."

ಹಾಸಿಗೆಯ ಮೇಲೆ ಸೊಸೆಯ ಕೈ ಜಾರಿ ಕೆಳಗೆ ನೇತಾಡಿತು. ನರ್ಸು ಅದನ್ನು ಎತ್ತಿ ಮೇಲಿಟ್ಟಳು. ಅದು ಮತ್ತೆ ಜಾರಿತು.

"ಉಪ್ಪು," ಎಂದಳು ಗಂಜಿಯಮ್ಮ.

"ಏನು?"

"ಉಪ್ಪು ತಿಂತಿದ್ಲು. ಕದ್ದು ಕದ್ದು. ಬೇಳೆಗೆ ಸುರೀತಿದ್ಲು, ಅಂಗೈಲಿ ಹಾಕ್ಕೊಂಡು ನೆಕ್ತಿದ್ಲು, ಬಟ್ಟೆಗೆ ಹಾಕೋ ಕಲ್ಲುಪ್ಪನ್ನೂ ಬಿಡ್ಲಿಲ್ಲ. ನಾನು ಎಲ್ಲಾ ಬೀಗ ಹಾಕಿಟ್ಟೆ. ಬೇಡ್ಕೊಂಡ್ಲು, ಕೊಡ್ಲಿಲ್ಲ. ಕಳ್ಳಿ ಅಂದೆ. ಬೇಕಾದ್ರೆ ನನ್ನನ್ನ ಹಿಡ್ಕೊಡಿ, ಮೊದಲು ಅವಳನ್ನ ನೋಡಿ."

ಡಾಕ್ಟರಮ್ಮ ಸೊಸೆಯ ಅಂಗೈ ಬಿಡಿಸಿದಳು. ಕೈಗೆರೆಗಳು ಮಸಿಯಲ್ಲಿ ಬರೆದ ಹಾಗೆ ಕಪ್ಪಗಿದ್ದವು. ತುಟಿ ಎತ್ತಿ ಟಾರ್ಚು ಹಿಡಿದಳು.

"ಎಷ್ಟು ದಿನದಿಂದ ಕಪ್ಪಾಗ್ತಿದ್ದಾರೆ?"

"ಅದು ಇಸ್ತ್ರಿ ಶಾಖ ಡಾಕ್ಟ್ರೇ, ನಮ್ಮನೇಲಿ ಎಲ್ಲರೂ..."

"ಶಾಖ ಬಾಯೊಳಗೆ ಹೋಗಿ ಒಸಡಿಗೂ ತಾಗುತ್ತೇನಮ್ಮ?"

ಗಂಜಿಯಮ್ಮ ಬಗ್ಗಿ ನೋಡಿದಳು. ಒಸಡಿನ ಮೇಲೆ ನೇರಳೆ ಹಣ್ಣು ತಿಂದ ಹಾಗೆ ಕಲೆಗಳು. ದಿನಾ ಎದುರು ಕೂತು ಉಂಡವಳ ಬಾಯಿ. ಒಂದು ದಿನವೂ ನೋಡಿರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮನ ದನಿ ಏರಿತ್ತು. "ರಕ್ತ ತಗೊಳ್ಳಿ, ರಿಪೋರ್ಟಿಗೆ ಕಾಯೋದು ಬೇಡ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಈಗಲೇ ಕೊಡಿ. ಸಲೈನ್ ಇನ್ನೂ ಜೋರು ಬಿಡಿ. ಎದೆಗೆ ಮಾನಿಟರ್ ಹಚ್ಚಿ, ಪೊಟ್ಯಾಸಿಯಂ ಏರಿರುತ್ತೆ, ಹೃದಯ ಯಾವಾಗ ಬೇಕಾದ್ರೂ ತಾಳ ತಪ್ಪಬಹುದು."

ನರ್ಸು ರಕ್ತ ಎಳೆಯುವುದನ್ನು ಕಂಡು ಮಗ ಗೋಡೆಗೆ ಒರಗಿ ಹಾಗೇ ಮೆಲ್ಲಗೆ ಕೆಳಗೆ ಜಾರಿದ. ಅವನಿಗೂ ಒಂದು ಲೋಟ ಸಕ್ಕರೆ ನೀರು ಬಂತು.

ಸಂಜೆ ಅಂಗಡಿ ಮುಚ್ಚಿ ಮಾವನೂ ಬರುವ ಹೊತ್ತಿಗೆ ಬಿ.ಪಿ. ಎದ್ದು ಕೂತಿತು. ಡಾಕ್ಟರಮ್ಮ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತು ಹೇಳಿದಳು, "ಮೂತ್ರಪಿಂಡದ ತಲೆ ಮೇಲೆ ಟೋಪಿ ಹಾಕಿದ ಹಾಗೆ ಎರಡು ಸಣ್ಣ ಗ್ರಂಥಿ ಇರುತ್ತೆ. ಇವರದ್ದು ಒಣಗಿದೆ. ಅದು ಕೆಲಸ ಮಾಡದಿದ್ರೆ ಒಡೆದ ಕೊಡದ ಹಾಗೆ ಮೈಯಿಂದ ಉಪ್ಪೆಲ್ಲ ಸೋರಿ ಹೋಗುತ್ತೆ. ನಾಲಿಗೆ ಉಪ್ಪು ಕೇಳಿದ್ದು ಚಪಲಕ್ಕಲ್ಲ, ಜೀವಕ್ಕೆ."

ಗಂಜಿಯಮ್ಮ ನೆಲ ನೋಡಿದಳು.

"ಇನ್ನು ಜೀವನಪೂರ್ತಿ ಮಾತ್ರೆ. ಒಂದು ದಿನಾನೂ ತಪ್ಪೋ ಹಾಗಿಲ್ಲ. ಜ್ವರ ಬಂದ್ರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ಹೊಟ್ಟೇಲಿ ನಿಲ್ಲದಿದ್ರೆ ಮನೇಲೇ ತೊಡೆಗೆ ಇಂಜೆಕ್ಷನ್ ಹಾಕಿ, ತಕ್ಷಣ ಇಲ್ಲಿಗೆ ಕರ್ಕೊಂಡು ಬರಬೇಕು. ಯಾರು ಕಲೀತೀರಿ?"

ಮಗನ ಮುಖ ಆಗಲೇ ಗಂಜಿಬಣ್ಣಕ್ಕೆ ತಿರುಗಿತ್ತು. ಮಾವ ನಡುಗುವ ತನ್ನ ಕೈ ತೋರಿಸಿದ. ಗಂಜಿಯಮ್ಮ ಕಲಿತಳು. ನರ್ಸು ಕೊಟ್ಟ ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಅದನ್ನು ಜರಡಿ ಮಾಡಿದಳು.

ಸೊಸೆ ಮನೆಗೆ ಬಂದಳು. ಬಂದವಳು ಅತ್ತೆಯೊಂದಿಗೆ ಮಾತು ಬಿಟ್ಟಳು.

ಒಲೆಯ ಮೇಲೆ ಎರಡು ಪಾತ್ರೆ ಏರಿದವು, ಮಾವನಿಗೆ ಸಪ್ಪೆ, ಸೊಸೆಗೆ ಉಪ್ಪಿನದು. ಉಪ್ಪಿನ ಜಾಡಿ ಬೀರುವಿನಿಂದ ಇಳಿದು ಊಟದ ನಡುವೆ ದೊಡ್ಡ ನೆಂಟನ ಹಾಗೆ ಕೂತಿತು. ಸೊಸೆ ತಿಂದಳು, ಮೈ ತುಂಬಿಕೊಂಡಳು, ಇಸ್ತ್ರಿ ಹಿಡಿದಳು. ಮಾತು ಮಾತ್ರ ಮಾವನ ಮೂಲಕವೇ.

"ಮಾವ, ಅತ್ತೆಗೆ ಹೇಳಿ, ನೀರು ಕಾದಿದೆ."

"ರೀ, ಅವಳಿಗೆ ಹೇಳಿ, ನನಗೂ ಕಿವಿ ಇದೆ."

"ನನ್ನನ್ನೇನು ಟೆಲಿಫೋನ್ ಕಂಬ ಅಂದ್ಕೊಂಡ್ರಾ?" ಎನ್ನುತ್ತಿದ್ದ ಮಾವ. "ಇನ್ಮೇಲೆ ಒಂದೊಂದು ಮಾತಿಗೆ ಒಂದೊಂದು ಲೋಟ ಟೀ."

ಒಂದು ದಿನ ಊಟಕ್ಕೆ ಕೂತಾಗ ಗಂಜಿಯಮ್ಮ ತಡೆಯಲಾರದೆ ನೇರವಾಗಿ ಕೇಳಿದಳು, "ಉಪ್ಪು ಸಾಕಾಯ್ತೇನೇ?"

ಸೊಸೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಮಾವ, ಅತ್ತೆಗೆ ಹೇಳಿ, ನಾನು ಕಳ್ಳಿಯಲ್ಲ ಅಂತ."

ಮಾವ ಈ ಮಾತನ್ನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಗಂಜಿಯಮ್ಮ ಎದ್ದು ಹಿತ್ತಲಿಗೆ ಹೋಗಿ, ಬೆಂಕಿಯೇ ಇಲ್ಲದ ಹಂಡೆಯನ್ನು ಕದಡುತ್ತ ನಿಂತಳು. ಬೈದಿದ್ದರೆ ಬೈಯಬಹುದಿತ್ತು. ಬೈಗುಳಕ್ಕೆ ಅವಳ ಹತ್ತಿರ ನೂರು ಉತ್ತರವಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನೀರಿನ ಕೊಳವೆ ಹಾಕಲೆಂದು ಬೀದಿಯ ಉದ್ದಕ್ಕೂ ಅಗೆದರು. ಮಾವನ ಲೆಕ್ಕದಲ್ಲಿ ಆ ಗುಂಡಿಗೆ ಬಿದ್ದವನು ಭೂಮಿಯ ಆಚೆ ಕಡೆಯಿಂದ ಹೊರಗೆ ಬರುತ್ತಿದ್ದ. ಕೆಸರು ನೀರು ನಲ್ಲಿಗೆ ಸೇರಿತು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡಿತು. ಟೈಲರ್ ಅಳತೆ ತೆಗೆಯುತ್ತ ತೆಗೆಯುತ್ತ ಟೇಪು ಬಿಟ್ಟು ಓಡಿದ. ಒಂದು ಭಾನುವಾರ ಸೊಸೆ ಬೆಳಗಿನ ಮಾತ್ರೆ ನುಂಗಿದಳು, ಕಕ್ಕಿದಳು. ಮತ್ತೆ ಕೊಟ್ಟರು, ಮತ್ತೆ ಕಕ್ಕಿದಳು. ಮಧ್ಯಾಹ್ನದ ಹೊತ್ತಿಗೆ ಚಾಪೆಯ ಮೇಲೆ ಮಡಚಿಕೊಂಡು ಮಲಗಿದ್ದಳು.

"ಬೀದಿಗೆಲ್ಲ ಆಗಿದೆ ಅಮ್ಮ," ಎಂದ ಮಗ. "ನಾಳೆಗೆ ಸರಿಹೋಗುತ್ತೆ. ಸುಮ್ಮನೆ ಸೂಜಿ ಗೀಜಿ ಅಂತ..."

"ಬೀದಿಯವರಿಗೆಲ್ಲ ಟೋಪಿ ಇದೆ ಕಣೋ, ಇವಳಿಗಿಲ್ಲ!"

"ಟೈಲರ್ ಹೇಳ್ತಿದ್ದ, ಆ ಇಂಜೆಕ್ಷನ್ ಜಾಸ್ತಿಯಾದ್ರೆ ಮೈಯೆಲ್ಲ ಊದುತ್ತಂತೆ, ಮೂಳೆ ಸವೆಯುತ್ತಂತೆ."

"ಟೈಲರ್ ಅಂಗಿ ಹೊಲೀಲಿ. ಊದಿದ್ರೆ ಊದ್ಲಿ, ಇದ್ರೆ ತಾನೇ ಊದೋದು? ಹಣೆ ಮುಟ್ಟಿ ನೋಡು."

ಮಗ ಮುಟ್ಟಿದ. ಆವತ್ತಿನದೇ ತಣ್ಣನೆ ಜಿಗಿ ಬೆವರು. ಅವನು ಕೈ ಸುಟ್ಟುಕೊಂಡವನಂತೆ ಹಿಂದೆ ತೆಗೆದ.

ಗಂಜಿಯಮ್ಮ ಆಸ್ಪತ್ರೆಯಿಂದ ತಂದಿದ್ದ ಇಂಜೆಕ್ಷನ್ ಡಬ್ಬಿ ತೆರೆದಳು. ಔಷಧಿ ಪುಡಿಯ ಬಾಟಲಿಗೆ ಜೊತೆಗೆ ಕೊಟ್ಟಿದ್ದ ನೀರು ಬಿಟ್ಟಳು, ಅಲುಗಿಸಿದಳು. ಕಿತ್ತಳೆಯ ಮುಂದೆ ಕಲ್ಲಿನ ಹಾಗಿದ್ದ ಕೈ ಈಗ ಹಗ್ಗದ ಮೇಲಿನ ಕರವಸ್ತ್ರದ ಹಾಗೆ ಪಟಪಟ ಬಡಿದುಕೊಂಡಿತು. ಸೂಜಿ ಬಾಟಲಿಯ ಬಾಯಿ ತಪ್ಪಿ ಪಕ್ಕಕ್ಕೆ ಜಾರಿತು. ಇನ್ನೊಂದು ಸಲವೂ ಜಾರಿತು.

"ಆಗುತ್ತೇನೇ ನಿನ್ನ ಕೈಲಿ?" ಮಾವ ಸೊಸೆಯ ಪಾದ ಹಿಡಿದು ಕೂತಿದ್ದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಇವಳು ಒದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ."

"ಒದೆಯೋಕೆ ಇವಳಲ್ಲಿ ಏನಿದೆ?"

ಆ ಮಾತು ಕೇಳಿ ಕೈಯ ನಡುಕ ನಿಂತಿತು. ಔಷಧಿ ಎಳೆದು, ಗಾಳಿ ಹೊರಗೆ ತಳ್ಳಿ, ತೊಡೆಯ ಹೊರಬದಿ ಹುಡುಕಿ, ಗಂಜಿಯಮ್ಮ ಹಲ್ಲು ಕಚ್ಚಿ ಚುಚ್ಚಿದಳು. ಸೊಸೆ "ಹ್ಞಾ" ಎಂದಳು. ಮಗ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಗೋಡೆ ಆಮೇಲೆ ನೋಡುವಂತೆ. ಆಟೋ ತಾ!"

"ಆಟೋ ಎಲ್ಲಿ ಬರುತ್ತಮ್ಮಾ, ಬೀದಿ ಇದ್ರೆ ತಾನೇ?"

"ಹಾಗಾದ್ರೆ ಬಟ್ಟೆ ಗಾಡಿ ತಳ್ಳು!"

ತಳ್ಳುಗಾಡಿಯಲ್ಲಿ ಮರುದಿನ ತಲುಪಿಸಬೇಕಾದ ಬಟ್ಟೆಗಳು ಮಡಚಿ ಕೂತಿದ್ದವು. ಇಳಿಸಲು ಹೊತ್ತಿರಲಿಲ್ಲ. ಊರವರ ಅಂಗಿ, ಲಂಗ, ಹಾಸಿಗೆ ಬಟ್ಟೆಗಳ ಮೇಲೆಯೇ ಸೊಸೆಯನ್ನು ಮಲಗಿಸಿದರು. ಮಗ ಮುಂದೆ ಎಳೆದ, ಗಂಜಿಯಮ್ಮ ಹಿಂದೆ ತಳ್ಳಿದಳು, ಮಾವ ಹಲಗೆ ಹೊತ್ತು ಮುಂದೆ ಓಡಿ ಗುಂಡಿಗಳಿಗೆ ಅಡ್ಡ ಹಾಕಿದ. ಒಂದು ಹಲಗೆ ಲಟಲಟ ಎಂದಿತು; ಗಾಡಿ ವಾಲಿತು. ಟೈಲರ್ ಹೊಟ್ಟೆ ಹಿಡಿದುಕೊಂಡೇ ಬಂದು ಚಕ್ರಕ್ಕೆ ಹೆಗಲು ಕೊಟ್ಟ.

"ಕಣ್ಣು ಬಿಡೇ," ಎನ್ನುತ್ತಿದ್ದಳು ಗಂಜಿಯಮ್ಮ ತಳ್ಳುತ್ತ ತಳ್ಳುತ್ತ. "ಮಾತಾಡಬೇಡ, ಬೇಡ. ಕಣ್ಣಾದ್ರೂ ಬಿಡು."

ಕಣ್ಣು ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ. ಒಂದೇ ಪ್ರಶ್ನೆ ಕೇಳಿದಳು, "ಇಂಜೆಕ್ಷನ್ ಹಾಕಿದ್ರಾ?" ಹೂಂ ಎಂದದ್ದೇ ತಡ ಗಾಡಿಯಿಂದ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತರು. ಮಗ ಏನೋ ಹೇಳಲು ಹೊರಟ; ಮಾವ ಅವನ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಾಗಿಸಿದ. ಗಂಜಿಯಮ್ಮ ತನ್ನ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದಿದ್ದಳು, ಬಿಟ್ಟರೆ ಎಲ್ಲಿ ಓಡಿಹೋಗುವುದೋ ಎಂಬಂತೆ.

ಬಹಳ ಹೊತ್ತಿನ ಮೇಲೆ ನರ್ಸು ಬಾಗಿಲು ತೆರೆದು, ಒಬ್ಬರು ಮಾತ್ರ ಬನ್ನಿ ಎಂದಳು. ಮಗ ಎದ್ದ. ಎದ್ದವನು ನಿಂತು, ತಾಯಿಯನ್ನು ನೋಡಿ ಮತ್ತೆ ಕೂತ. "ನೀನು ಹೋಗು."

ಒಳಗೆ ಸಲೈನ್ ಹನಿಯುತ್ತಿತ್ತು. ಸೊಸೆಯ ಕಣ್ಣುಗಳು ತೆರೆದಿದ್ದವು. ಗಂಜಿಯಮ್ಮ ಹಾಸಿಗೆಯ ಕಾಲ ಬಳಿಯೇ ನಿಂತಳು. ಮುಂದೆ ಹೋಗಲು ಧೈರ್ಯವಾಗಲಿಲ್ಲ. ಸೊಸೆ ಅಕ್ಕಪಕ್ಕ ನೋಡಿದಳು. ಮಾವನಿರಲಿಲ್ಲ. ತೊಡೆಯನ್ನು ಮೆಲ್ಲಗೆ ಒತ್ತಿಕೊಂಡಳು.

"ಅತ್ತೆ," ಎಂದಳು. ದನಿ ಒಣಗಿದ ಎಲೆಯಂತಿತ್ತು. "ಇದು ತೊಡೆ. ಗೋಣಿಚೀಲ ಅಲ್ಲ. ದಬ್ಬಣ ಹಾಕಿ ಹೊಲಿದ್ರಾ?"

"ನಡುಗ್ತಿತ್ತು ಕಣೇ ಕೈ."

"ಬೈಯೋವಾಗ ನಡುಗಲ್ಲ. ಆಮೇಲೆ ಯಾರದ್ದೋ ಗಂಜಿ ಕಾಲರ್ ದಾರಿಯುದ್ದ ನನ್ನ ಕತ್ತು ಕುಯ್ದಿದೆ. ಹಾಸೋಕೆ ಒಂದು ಮೆತ್ತಗಿನ ಬಟ್ಟೆ ಸಿಗ್ಲಿಲ್ವಾ ನಿಮಗೆ? ಎಲ್ಲಾ ಮುದ್ದೆಯಾಗಿ ಸುಕ್ಕಾಗಿರುತ್ತೆ, ನಾಳೆ ಯಾರು ತಿಕ್ತಾರೆ?"

"ನಾನು ತಿಕ್ತೀನಿ."

"ತಿಕ್ಕಿದ್ರಿ. ಸುಡ್ತೀರಿ."

ಗಂಜಿಯಮ್ಮ ಸರಸರ ಹೊರಗೆ ಬಂದಳು. ಬಾಗಿಲ ಹತ್ತಿರ ಗಂಜಿ ಇಳಿದ ಬಟ್ಟೆಯ ಹಾಗೆ ನೆಲದ ಮೇಲೆಯೇ ಕೂತಳು.

ಮಗ ಓಡಿಬಂದ. "ಅಮ್ಮಾ! ಏನಾಯ್ತಮ್ಮಾ? ಹೇಳಮ್ಮಾ, ಹೇಗಿದ್ದಾಳೆ?"

ಗಂಜಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬೈತಿದ್ದಾಳೆ ಕಣೋ," ಎಂದಳು. "ನನಗೇ. ನೇರವಾಗಿ."